ಎರಡು ಕಟ್ಟುಗಳ ನಡುವಿನ ಹಾಳೆ

ಯಾರೂ ನನಗೆ ಆ ಕಟ್ಟುಗಳನ್ನು ಬಿಚ್ಚಲು ಹೇಳಿರಲಿಲ್ಲ. ಹೇಳಿದ್ದು ಇಷ್ಟೇ: "ಹುಳ ಹಿಡಿದಿದೆಯೇ ನೋಡಿ, ಸ್ವಲ್ಪ ಗಾಳಿಯಾಡಲಿ. ಉಳಿದದ್ದು ನಾನು ಇಬ್ರಿಯಿಂದ ಬಂದ ಮೇಲೆ."

ಹಾಗೆಂದವರು ನಮ್ಮ ಎಂಜಿನಿಯರರು. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಸ್ಕತ್ತಿನ ರುವಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಆಫೀಸಿನಲ್ಲಿ ಸ್ಟೆನೊ ಆಗಿದ್ದೆ. ಆಫೀಸು ನಡೆಸುತ್ತಿದ್ದವರು ಎಪ್ಪತ್ತರ ಅಂಚಿನ ಒಬ್ಬ ಅಮೆರಿಕನ್. ಒಮಾನಿನ ಊರೂರು ತಿರುಗಿ ಬಾವಿಗಳ ಆಳ ಅಳೆಯುವುದು, ಎಲ್ಲಿ ಕೊರೆದರೆ ನೀರು ಬಂದೀತು ಎಂದು ವರದಿ ಬರೆಯುವುದು ಅವರ ಕೆಲಸ. ಆ ವರದಿಗಳನ್ನು ಟೈಪ್ ಮಾಡುವುದು ನನ್ನದು. ನನ್ನ ವೀಸಾ ಕೊಟ್ಟಿದ್ದ ಹಳೆಯ ಕಫೀಲನಿಂದ, ಬೇರೆಡೆ ದುಡಿಯಲು ಬಿಡುವ ರಿಲೀಸ್ ಪೇಪರ್ ತರಿಸಿ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ. ಇಲ್ಲದಿದ್ದರೆ ನಾನು ಮಗಳನ್ನು ಕಟ್ಟಿಕೊಂಡು ಎಂದೋ ಮಂಗಳೂರಿಗೆ ಮರಳಬೇಕಿತ್ತು. ನಮ್ಮವರು ಸಲಾಲಾದ ಬಂದರಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು.

ಹುಳ ಹಿಡಿದಿದೆಯೇ ನೋಡಬೇಕಾಗಿದ್ದದ್ದು ಎರಡು ತಗಡಿನ ಟ್ರಂಕುಗಳಲ್ಲಿ. ಅವುಗಳಲ್ಲಿ ಇದ್ದದ್ದು ಎಂಜಿನಿಯರರ ಅಜ್ಜನ ಕಾಗದಪತ್ರ. ಆ ಅಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಕ್ಯಾಪ್ಟನ್ ಆಗಿ ಕಾದಾಡಿದವರು. ಯುದ್ಧ ಮುಗಿದ ಮೇಲೆ ಹಿಂದೂ ಮಹಾಸಾಗರದ ಒಂದೆರಡು ಬಂದರುಗಳಲ್ಲಿ ತಮ್ಮ ದೇಶದ ಕಾನ್ಸಲ್ ಆಗಿ ಕೂತವರು. ಕೂತಲ್ಲಿ ಬೇಸರವಾಗಿಯೋ ಏನೋ ಮೂರು ಕಾದಂಬರಿ ಬರೆದವರು. "ಈಗ ಅವನ್ನು ಯಾರೂ ಓದುವುದಿಲ್ಲ. ನಾನು ಕೂಡ ಎರಡನ್ನೇ ಓದಿದ್ದು" ಎಂದು ಎಂಜಿನಿಯರರು ನಗುತ್ತಿದ್ದರು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲೇ. ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ. ಅಮೆರಿಕದಲ್ಲಿದ್ದ ಅವರ ಅಕ್ಕ ತೀರಿಕೊಂಡ ಮೇಲೆ ಮನೆತನದಲ್ಲಿ ಉಳಿದವರು ಇವರೊಬ್ಬರೇ ಆದ್ದರಿಂದ ಟ್ರಂಕುಗಳು ಹಡಗು ಹತ್ತಿ ಮಸ್ಕತ್ತಿಗೆ ಬಂದಿದ್ದವು. ಬಂದು ಅಲ್ ಅಮೇರಾತ್‌ನಲ್ಲಿದ್ದ ನಮ್ಮ ಗೋದಾಮಿನಲ್ಲಿ, ಪಂಪು ಪೈಪುಗಳ ನಡುವೆ, ಒಂದು ಇಡೀ ಬೇಸಿಗೆ ಬೆಂದು, ಈಗಷ್ಟೇ ಆಫೀಸಿಗೆ ಬಂದಿದ್ದವು. ನಿವೃತ್ತಿಗೆ ಮುಂಚೆ ಅಜ್ಜನ ಜೀವನಚರಿತ್ರೆ ಬರೆದು ಮುಗಿಸಬೇಕು, ಆಮೇಲೆ ಕಾಗದಗಳನ್ನು ತಮ್ಮ ದೇಶದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಬೇಕು ಎಂಬುದು ಎಂಜಿನಿಯರರ ಲೆಕ್ಕಾಚಾರ.

ಸೋಮವಾರ ಅವರು ಇಬ್ರಿಗೆ ಹೊರಟರು. ಬರುವುದು ಗುರುವಾರ. ನನ್ನ ಮೇಜಿನ ಮೇಲೆ ಬೇರೆ ಕೆಲಸವಿರಲಿಲ್ಲ, ಮತ್ತು ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಸ್ವರ್ಗಕ್ಕೆ ಹೋದರೂ ಮೊದಲು ಅಲ್ಲಿಯ ಕಪಾಟು ಒರೆಸುತ್ತಿ ಎಂದು ನಮ್ಮವರು ಛೇಡಿಸುವುದುಂಟು. ಟ್ರಂಕುಗಳನ್ನು ತೆರೆದೆ. ಎರಡರಲ್ಲೂ ಸೇರಿ ಹನ್ನೊಂದು ಕಟ್ಟುಗಳು, ಒಂದರ ಮೇಲೊಂದು, ಪ್ರತಿಯೊಂದಕ್ಕೂ ಮಾಸಲು ಬಿಳಿ ಬಟ್ಟೆಯ ಪಟ್ಟಿ. ಕೆಲವು ಹಾಳೆಗಳಲ್ಲಿ ಹುಳ ಕೊರೆದ ತೂತುಗಳು ಕಂಡವು, ಹುಳ ಕಾಣಲಿಲ್ಲ. ಅಲ್ಲಿಗೆ ನನಗೆ ಒಪ್ಪಿಸಿದ ಕೆಲಸ ಮುಗಿಯಿತು. ಗಡಿಯಾರ ನೋಡಿದರೆ ಇನ್ನೂ ಹತ್ತೂವರೆ.

ಮಂಗಳೂರಿನ ಕಮರ್ಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ನಮಗೆ ಟೈಪಿಂಗಿನ ಜೊತೆಗೇ ಕಲಿಸಿದ್ದ ಪಾಠವೊಂದಿದೆ. ಕಾಗದ ಅಂದರೆ ತಾರೀಕಿನ ಪ್ರಕಾರ ಇರಬೇಕು. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ಅದನ್ನು ತೆಗೆಯಬೇಕು. ಎಡಗಡೆಯ ಮೇಲಿನ ಮೂಲೆಗೆ ಒಂದು ತೂತು ಹೊಡೆದು ಟ್ಯಾಗ್ ಪೋಣಿಸಬೇಕು, ಅಂದರೆ ಎರಡು ತುದಿಗೂ ಲೋಹದ ಕಡ್ಡಿಯಿರುವ ಆ ಹಸಿರು ದಾರ. ನಮ್ಮ ಕಡೆಯ ಯಾವ ಸರ್ಕಾರಿ ಆಫೀಸಿಗೆ ಹೋದರೂ ಕಾಣುವುದು ಅದೇ. ಗಲ್ಫಿಗೆ ಬಂದ ನಮ್ಮ ಗುಮಾಸ್ತರು ಊರಿನಿಂದ ಉಪ್ಪಿನಕಾಯಿಯ ಜೊತೆ ಟ್ಯಾಗಿನ ಕಟ್ಟನ್ನೂ ತರುತ್ತಿದ್ದರು. ನಾನೂ ತಂದಿದ್ದೆ.

ನಾಲ್ಕು ದಿನ ಮೈಮುರಿದು ದುಡಿದೆ. ಹನ್ನೊಂದು ಕಟ್ಟುಗಳನ್ನೂ ಬಿಚ್ಚಿದೆ. ಪಟ್ಟಿಗಳು ಮುಟ್ಟಿದರೆ ಉದುರುತ್ತಿದ್ದವು, ಕಸದ ಬುಟ್ಟಿಗೆ ಹಾಕಿದೆ. ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತೆ. ಮಡಿಕೆಬಿದ್ದ ಹಾಳೆಗಳಿಗೆ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು, ಮೇಲೊಂದು ಹತ್ತಿ ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಎಳೆದೆ. ತಾರೀಕಿದ್ದವನ್ನೆಲ್ಲ ವರ್ಷವಾರು ಜೋಡಿಸಿ, ಮೂಲೆಗೆ ತೂತು ಹೊಡೆದು, ಟ್ಯಾಗ್ ಹಾಕಿದೆ. ತಾರೀಕಿಲ್ಲದ ನಲವತ್ತು ಚಿಲ್ಲರೆ ಹಾಳೆಗಳಿಗೆ ಬೇರೆಯೇ ಒಂದು ಫೈಲು. ಗುರುವಾರ ಎಂಜಿನಿಯರರು ಧೂಳು ಮೆತ್ತಿದ ಬೂಟಿನಲ್ಲೇ ಒಳಬಂದಾಗ ಕಪಾಟಿನಲ್ಲಿ ಹದಿನಾಲ್ಕು ಫೈಲುಗಳು ನೆಟ್ಟಗೆ ನಿಂತಿದ್ದವು. ಅವರು ಒಂದೊಂದನ್ನೇ ಎಳೆದು ನೋಡಿದರು. "ನಮ್ಮ ಮನೆಯಲ್ಲಿ ಎರಡು ತಲೆಮಾರು ಈ ಟ್ರಂಕು ತೆರೆಯಲು ಹೆದರಿದ್ದರು. ನೀವು ನಾಲ್ಕು ದಿನದಲ್ಲಿ ಪಳಗಿಸಿಬಿಟ್ಟಿರಿ" ಎಂದರು. ನಾನು ಉಬ್ಬಿ ಹೋದೆ.

ಆಮೇಲಿನ ಐದು ತಿಂಗಳು ಬೆಳಿಗ್ಗೆ ಬಾವಿಯ ವರದಿ, ಮಧ್ಯಾಹ್ನದ ನಂತರ ಟೈಪಿಗೆ ಕ್ಯಾಪ್ಟನ್ನರ ಕಾಗದ. ಅವರ ಬರಹ ಬಲಕ್ಕೆ ವಾಲಿದ್ದು, ಸಾಲುಗಳು ಇಕ್ಕಟ್ಟು. ಕಾಗದ ಉಳಿಸಲು ಪುಟವನ್ನು ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಮತ್ತೆ ಬರೆದ ಪತ್ರಗಳೂ ಇದ್ದವು. ಅಂಥದ್ದು ಬಂದಾಗ ಒಂದು ಪುಟಕ್ಕೆ ಒಂದು ದಿನ ಹಿಡಿಯುತ್ತಿತ್ತು. ಓದುತ್ತ ಓದುತ್ತ ಮನುಷ್ಯ ನನಗೆ ಹತ್ತಿರವಾದರು. ಹಲ್ಲುನೋವಿನ ಮನುಷ್ಯ, ಸಿಡುಕಿನ ಮನುಷ್ಯ. ಹಡಗು ಮತ್ರಾ ಬಂದರಿನಲ್ಲಿ ಎರಡು ದಿನ ನಿಂತಿದ್ದಾಗ ಹೆಂಡತಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಬಂಡೆಗಳು ಸೂರ್ಯ ಮುಳುಗಿದ ಮೇಲೂ ಬಿಸಿ ಉಗುಳುತ್ತವೆ, ನನ್ನ ಮಸಿ ಕುಪ್ಪಿಯಲ್ಲೇ ಒಣಗಿತು ಎಂದಿದ್ದರು. ನಾನು ಅದೇ ಮತ್ರಾದ ಮೀನಿನ ಮಾರುಕಟ್ಟೆಯಿಂದ ಹಿಂದಿನ ಸಂಜೆಯಷ್ಟೇ ಬೆವರು ಸುರಿಸುತ್ತ ಮನೆಗೆ ಬಂದಿದ್ದೆ. ನೂರು ವರ್ಷದಲ್ಲಿ ಆ ಬಂಡೆಗಳು ಏನೂ ಕಲಿತಿಲ್ಲ ಎಂದು ನಗು ಬಂತು.

ತಾರೀಕಿಲ್ಲದ ಫೈಲಿಗೆ ಬಂದದ್ದು ಕೊನೆಗೆ. ಅದರಲ್ಲಿ ಅರ್ಧ ಪುಟದ ಬರಹವಿದ್ದ ಒಂದು ಹಾಳೆಯಿತ್ತು. ಯಾರಿಗೆ ಎಂದಿಲ್ಲ, ಕೆಳಗೆ ಸಹಿಯಿಲ್ಲ. "ದೋಣಿಯ ಹಗ್ಗ ಕಡಿಯಲು ಹೇಳಿದವನು ನಾನೇ. ನಮ್ಮವರು ಇನ್ನೂ ಆಚೆ ದಡದಲ್ಲಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ."

ನಾನು ಟೈಪ್ ಮಾಡಿ ಎಂದಿನಂತೆ ಎಂಜಿನಿಯರರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು. ಹಾಕಿಕೊಂಡು ಮತ್ತೆ ಓದಿದರು. ಆಮೇಲೆ ನನ್ನನ್ನು ಕೂರಿಸಿ ಕಥೆ ಹೇಳಿದರು.

ಯುದ್ಧದ ಒಂದು ಕದನದಲ್ಲಿ ಸೋತು ಹಿಂದೆ ಸರಿಯುವಾಗ ಕ್ಯಾಪ್ಟನ್ನರ ತುಕಡಿ ಒಂದು ಹೊಳೆ ದಾಟಬೇಕಾಗಿತ್ತು. ಹಗ್ಗ ಹಿಡಿದು ಎಳೆಯುವ ದೋಣಿ. ಅರ್ಧ ಜನ ಈಚೆಗೆ ಬಂದ ಮೇಲೆ ಯಾರೋ ಹಗ್ಗ ಕಡಿದರು. ಉಳಿದವರು ಆಚೆ ದಡದಲ್ಲಿ ಸಿಕ್ಕಿಬಿದ್ದರು, ಹೆಚ್ಚಿನವರು ಬದುಕಲಿಲ್ಲ. ಕಡಿಯಲು ಹೇಳಿದವನು ಕ್ಯಾಪ್ಟನ್ನೇ ಎಂದು ಊರಲ್ಲಿ ಸುದ್ದಿಯಾಯಿತು. ವಿಚಾರಣೆಯಲ್ಲಿ ಏನೂ ಸಾಬೀತಾಗಲಿಲ್ಲ. ಆದರೂ ಎಂಜಿನಿಯರರ ಅಪ್ಪ ಶಾಲೆಗೆ ಹೋಗುವಾಗ ಸತ್ತವರ ಮಕ್ಕಳು ದಾರಿಗಡ್ಡವಾಗಿ ಒಂದು ಹಗ್ಗ ಹಿಡಿದು ನಿಲ್ಲುತ್ತಿದ್ದರಂತೆ. ಕ್ಯಾಪ್ಟನ್ ಮನೆಯವರ ಹತ್ತಿರ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ತಮ್ಮ ಎರಡನೆಯ ಕಾದಂಬರಿಯಲ್ಲಿ, ಹೊಳೆಯ ದಡದಲ್ಲಿ ಹಗ್ಗ ಕಡಿಸುವ ಒಬ್ಬ ಕ್ಯಾಪ್ಟನ್ನನ್ನು ತಂದು, ಅವನ ಬಾಯಿಂದಲೇ, ನಾನು ನಾನು ಎಂದು ಕಥೆ ಹೇಳಿಸಿದರು.

"ಹಾಗಾಗಿ ಇದು ಆ ಕಾದಂಬರಿಯ ಹಾಳೆ. ಅಚ್ಚಿಗೆ ಹೋಗುವಾಗ ಬಿಟ್ಟುಹೋಗಿದೆ" ಎಂದರು ಎಂಜಿನಿಯರರು. ಅವರ ಬೆರಳು ಹಾಳೆಯ ಅಂಚಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು.

ಇದಾಗಿ ಹತ್ತು ದಿನಕ್ಕೆ ಗ್ರಂಥಾಲಯದಿಂದ ಪತ್ರ ಬಂತು. ಆಫೀಸಿಗೆ ಬಂದ ಟಪಾಲು ಮೊದಲು ಒಡೆಯುವವಳು ನಾನೇ. ಅಲ್ಲಿಯ ಹಳೆಯ ದಾಖಲೆಗಳ ತಜ್ಞೆಯೊಬ್ಬರು ಮುಂದಿನ ತಿಂಗಳು ತಾವೇ ಬಂದು ಕಾಗದಗಳನ್ನು ಪ್ಯಾಕ್ ಮಾಡುವುದಾಗಿ ಬರೆದಿದ್ದರು. ಕೆಳಗೊಂದು ವಿನಂತಿ: ದಯವಿಟ್ಟು ಯಾವ ಕಟ್ಟನ್ನೂ ಬಿಚ್ಚಬೇಡಿ. ಬರೆದವರು ಯಾವುದನ್ನು ಯಾವುದರ ಜೊತೆ ಕಟ್ಟಿಟ್ಟಿದ್ದರು ಎಂಬುದು ಬರಹದಷ್ಟೇ ಮುಖ್ಯ. ಕೆಲವು ಹಾಳೆಗಳು ಏನು ಎಂದು ಗೊತ್ತಾಗುವುದೇ ಅವು ಯಾವ ಕಟ್ಟಿನಲ್ಲಿದ್ದವು ಎಂಬುದರಿಂದ.

ಆ ಒಂದು ಹಾಳೆ ನೆನಪಾಗಲು ಕ್ಷಣವೂ ಬೇಕಾಗಲಿಲ್ಲ. ಹೆಂಡತಿಯ ಪತ್ರಗಳ ಕಟ್ಟಿನಲ್ಲಿದ್ದರೆ ಅದು ತಪ್ಪೊಪ್ಪಿಗೆ. ಕಾದಂಬರಿಯ ಕಟ್ಟಿನಲ್ಲಿದ್ದರೆ ಕಥೆ. ಎಲ್ಲಿತ್ತು? ಪಟ್ಟಿಗಳನ್ನು ಬಿಚ್ಚಿದವಳು ನಾನು, ಎಸೆದವಳು ನಾನು.

ಪತ್ರವನ್ನು ಕಾರ್ಬನ್ ಪೇಪರ್ ಇಡುವ ಡ್ರಾಯರಿನ ಅಡಿಗೆ ತುರುಕಿದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಬಂದ ಟಪಾಲನ್ನು ಬಚ್ಚಿಟ್ಟದ್ದು ಅದೊಂದೇ ಸಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎಂಜಿನಿಯರರು ಹೊರಗೆ ಹೋದಾಗಲೆಲ್ಲ ಟ್ಯಾಗು ಬಿಚ್ಚಿ ಹಾಳೆಗಳನ್ನು ಹರಡಿಕೊಳ್ಳುತ್ತಿದ್ದೆ. ಮೊದಲು ಮಡಿಕೆ ನೋಡಿದೆ. ಪತ್ರವಾದರೆ ಮಡಚಿರಬೇಕಲ್ಲ. ನನ್ನ ಇಸ್ತ್ರಿಪೆಟ್ಟಿಗೆ ಒಂದು ಗೆರೆಯನ್ನೂ ಉಳಿಸಿರಲಿಲ್ಲ. ಕಾಗದ ನೋಡಿದೆ. ಪತ್ರಕ್ಕೂ ಕಾದಂಬರಿಗೂ ಕಾನ್ಸಲ್ ಕಚೇರಿಯ ಅದೇ ದಪ್ಪ ಹಾಳೆ, ಅದೇ ಕಂದು ಮಸಿ. ಆಮೇಲೆ ಗುಂಡುಸೂಜಿಯ ಗುರುತು ಹೊಳೆಯಿತು. ಒಟ್ಟಿಗೆ ಚುಚ್ಚಿದ ಹಾಳೆಗಳಲ್ಲಿ ತುಕ್ಕಿನ ಎರಡು ಚುಕ್ಕೆಗಳು ಒಂದೇ ಜಾಗದಲ್ಲಿ, ಒಂದೇ ಅಂತರದಲ್ಲಿ ಇರುತ್ತವೆ. ಎಂಜಿನಿಯರರ ಟ್ರೇಸಿಂಗ್ ಪೇಪರನ್ನು ಮೂಲೆಯ ಮೇಲಿಟ್ಟು ಚುಕ್ಕೆಗಳನ್ನು ಗುರುತು ಮಾಡಿಕೊಂಡು ಒಂದೊಂದೇ ಹಾಳೆಗೆ ಹೊಂದಿಸತೊಡಗಿದೆ. ಅದ್ಭುತವಾಗಿ ಕೂಡಿಕೊಂಡವು. ವಾರ ಕಳೆಯುವಷ್ಟರಲ್ಲಿ ಹನ್ನೊಂದರಲ್ಲಿ ಒಂಬತ್ತು ಕಟ್ಟುಗಳು ಮತ್ತೆ ರೂಪ ಪಡೆದವು. ಧೈರ್ಯ ಬಂತು. ಕಿಟಕಿಯ ಬೆಳಕಿಗೆ ಆ ಹಾಳೆಯನ್ನು ಹಿಡಿದೆ. ತುಕ್ಕಿನ ಚುಕ್ಕೆ ಇರಬೇಕಾದ ಜಾಗದಲ್ಲಿ, ಎಡಗಡೆಯ ಮೇಲಿನ ಮೂಲೆಯಲ್ಲಿ, ದುಂಡಗಿನ ಒಂದು ತೂತು. ನಾನೇ ಟ್ಯಾಗಿಗೆ ಹೊಡೆದದ್ದು; ಉಳಿದ ಹಾಳೆಗಳಲ್ಲಿ ಚುಕ್ಕೆಗಳ ಪಕ್ಕಕ್ಕೆ ಬಿದ್ದದ್ದು ಇದರಲ್ಲಿ ಅವುಗಳ ಮೇಲೆಯೇ ಬಿದ್ದಿತ್ತು.

ನಮ್ಮ ಆಫೀಸಿನಲ್ಲಿ ವೀಸಾ, ಲೇಬರ್ ಕಾರ್ಡುಗಳ ಓಡಾಟ ನೋಡಿಕೊಳ್ಳುವ ಗುಮಾಸ್ತರೊಬ್ಬರಿದ್ದರು. ಉಡುಪಿ ಕಡೆಯವರು, ಮನೆಮಾತು ತುಳು, ನನಗಿಂತ ಹತ್ತು ವರ್ಷ ಹಿರಿಯರು; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುವವರು. ನಾನು ಹಾಳೆ ಹಿಡಿದು ಕಿಟಕಿಯ ಬಳಿ ಕಲ್ಲಾಗಿ ನಿಂತದ್ದನ್ನು ಅವರು ನೋಡಿದರು.

"ಎಂತ ಬಾಯಮ್ಮ, ಒಂದು ವಾರದಿಂದ ನೋಡ್ತಾ ಇದ್ದೇನೆ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತಾ ಇದ್ದೀರಿ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಟ್ಯಾಗ್ ಹಾಕಿದ್ರಲ್ಲಿ ಎಂತ ತಪ್ಪುಂಟು? ನಾನಾದ್ರೂ ಹಾಕ್ತಿದ್ದೆ. ಟ್ಯಾಗ್ ಹಾಕದಿದ್ರೆ ಅದು ಫೈಲ್ ಅಂತ ಆಗ್ತದಾ?" ಆಮೇಲೆ, "ಆದ್ರೆ ಮುದುಕರಿಗೆ ಹೇಳಿ ಮಾರಾಯ್ತಿ. ಅವರ ಅಜ್ಜ ಅಲ್ವಾ" ಎಂದರು.

ಮರುದಿನ ಡ್ರಾಯರಿನಿಂದ ಪತ್ರ ತೆಗೆದು ಎಂಜಿನಿಯರರ ಮುಂದಿಟ್ಟೆ. ಓದಿ ಮುಗಿಸುವವರೆಗೂ ಕಾದೆ. "ನೀವು ಇಬ್ರಿಯಲ್ಲಿದ್ದಾಗ ನಾನು ಎಲ್ಲ ಕಟ್ಟುಗಳನ್ನೂ ಬಿಚ್ಚಿದೆ. ನೀವು ಹೇಳಿರಲಿಲ್ಲ. ಆ ಹಾಳೆ ಯಾವುದರಲ್ಲಿತ್ತು ಎಂದು ನನಗೆ ಗೊತ್ತಿಲ್ಲ" ಎಂದೆ.

"ಪಟ್ಟಿಗಳು?"

"ಎಸೆದೆ."

"ಎಲ್ಲವನ್ನೂ?"

"ಎಲ್ಲವನ್ನೂ."

ಅವರು ಎದ್ದು ಕಿಟಕಿಯ ಬಳಿ ಹೋದರು. ಕೆಳಗೆ ರುವಿಯ ರಸ್ತೆಯಲ್ಲಿ ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದವು. ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ತಿರುಗಿ ನಿಂತು, "ಹೊಂದಿಸಿದ್ದೀರಲ್ಲ, ಅದನ್ನು ತೋರಿಸಿ" ಎಂದರು.

ಟ್ರೇಸಿಂಗ್ ಪೇಪರುಗಳನ್ನು ಕಂಡದ್ದೇ ಅವರೊಳಗಿನ ಎಂಜಿನಿಯರ್ ಎದ್ದು ಕೂತ. ನನ್ನ ತಪ್ಪನ್ನು ಮರೆತೇಹೋದವರಂತೆ ತೋಳು ಮಡಚಿ ಭೂತಗನ್ನಡಿ ಹಿಡಿದು ಬಾಗಿದರು. ಹುಳದ ತೂತುಗಳನ್ನು ಬಳಸಿಕೊಳ್ಳಬಹುದು ಎಂದು ಹೇಳಿದವರು ಅವರೇ. ಹುಳ ನೇರವಾಗಿ ಕೊರೆಯುವುದಿಲ್ಲ, ಪ್ರತಿ ಹಾಳೆಯಲ್ಲೂ ತೂತು ಕೂದಲೆಳೆಯಷ್ಟು ಸರಿಯುತ್ತ ಹೋಗುತ್ತದೆ, ಸರಿದದ್ದನ್ನು ಅಳೆದರೆ ಹಾಳೆಗಳ ಅನುಕ್ರಮ ಸಿಗುತ್ತದೆ. ಬಾವಿಯ ಪದರ ಅಳೆಯುವವರಿಗೆ ಇದು ಅಂಗೈ ಮೇಲಿನ ಗೆರೆ. ಆ ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಅಂಥದ್ದೊಂದು ತೂತು ಇದ್ದೇ ಇತ್ತು. ಉಳಿದ ಎರಡು ಕಟ್ಟುಗಳೆಂದರೆ ಹೆಂಡತಿಗೆ ಬರೆದ ಪತ್ರಗಳದ್ದು ಒಂದು, ಎರಡನೆಯ ಕಾದಂಬರಿಯದ್ದು ಇನ್ನೊಂದು. ಐದು ದಿನ ನಾವಿಬ್ಬರೂ ಮೇಜಿನ ಆಚೀಚೆ ಕೂತು ಅಳೆದೆವು. ಅವರು ಅಂಕಿ ಹೇಳುವುದು, ನಾನು ಬರೆದುಕೊಳ್ಳುವುದು. ಊಟಕ್ಕೆ ಕರೆದರೆ ಅವರು "ಖಲಾಸ್, ಇದೊಂದು" ಎನ್ನುತ್ತ ಇನ್ನೊಂದು ತೆಗೆಯುತ್ತಿದ್ದರು.

ಆರನೆಯ ದಿನ ಉತ್ತರ ಸಿಕ್ಕಿತು. ಹುಳ ಪತ್ರಗಳ ಕಟ್ಟನ್ನು ಕೊರೆದು, ಹೊರಬಂದು, ಕೆಳಗಿದ್ದ ಕಾದಂಬರಿಯ ಕಟ್ಟಿಗೆ ಇಳಿದಿತ್ತು. ನಮ್ಮ ಹಾಳೆ ಇದ್ದದ್ದು ಸರಿಯಾಗಿ ಆ ಎರಡರ ನಡುವೆ. ಒಂದೋ ಅದು ಪತ್ರಗಳ ಕೊನೆಯ ಹಾಳೆ, ಇಲ್ಲವೇ ಕಾದಂಬರಿಯ ಮೊದಲನೆಯದು. ಕಾದಂಬರಿಯ ಕಟ್ಟಿನ ಬಿಳಿಯ ಪಟ್ಟಿ ಅದರ ಮೇಲಿತ್ತೋ ಕೆಳಗಿತ್ತೋ ಎಂಬುದೊಂದೇ ಪ್ರಶ್ನೆ. ಅದನ್ನು ಯಾವ ಹುಳವೂ ಹೇಳುವ ಹಾಗಿರಲಿಲ್ಲ. ಹೇಳುವುದಾದರೆ ನಾನೇ ಹೇಳಬೇಕು.

"ಯೋಚಿಸಿ ನೋಡಿ. ಕಟ್ಟು ಕೈಗೆತ್ತಿಕೊಂಡಿದ್ದೀರಿ, ಪಟ್ಟಿ ಬಿಚ್ಚಿದ್ದೀರಿ, ಮೊದಲು ಕಂಡದ್ದು ಯಾವ ಹಾಳೆ? ಕಾದಂಬರಿಯ ಮೇಲೇ ಇದ್ದಿರಬೇಕು, ಅಲ್ಲವೇ?" ಎಂದರು ಎಂಜಿನಿಯರರು. ನಾನು ಯೋಚಿಸುತ್ತೇನೆ ಎಂದೆ. ಮರುದಿನ ಅದನ್ನೇ ಕೇಳಿದರು. ಅದರ ಮರುದಿನ ಕೇಳಲಿಲ್ಲ; ಕೈಬರಹದ ಒಂದು ಚೀಟಿ ಕೊಟ್ಟರು. ಸದರಿ ಹಾಳೆಯು ಕಾದಂಬರಿಯ ಕಟ್ಟಿನ ಮೇಲ್ಭಾಗದಲ್ಲಿ, ಪಟ್ಟಿಯ ಒಳಗೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ನನ್ನ ಹೆಸರಿನಲ್ಲಿ ಬರೆದಿತ್ತು. "ತಜ್ಞೆ ಶನಿವಾರ ಬರುತ್ತಾರೆ. ಅಷ್ಟರಲ್ಲಿ ಟೈಪ್ ಮಾಡಿ ಸಹಿ ಹಾಕಿಡಿ. ನಿಮಗೆ ಸರಿ ಎನಿಸಿದರೆ" ಎಂದರು. ಕೊನೆಯ ಮಾತನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಟೈಪ್ ಮಾಡಿದೆ. ಸಹಿಯ ಜಾಗ ಖಾಲಿ ಬಿಟ್ಟು ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಸರಿಸಿದೆ. ಏನು ಕೆಲಸ ಮಾಡಿದರೂ ಅದು ಕಣ್ಣಿಗೆ ಬೀಳುತ್ತಿತ್ತು.

"ಒಂದು ಸೈನ್ ಅಲ್ವಾ ಬಾಯಮ್ಮ. ಹಾಕಿಬಿಡಿ" ಎಂದರು ಗುಮಾಸ್ತರು. "ಸತ್ತವರು ಸತ್ತಾಯ್ತು. ಅಲ್ಲಿ ಹೋಗಿ ಕೇಳುವವರು ಯಾರುಂಟು? ಈ ಮುದುಕರಿಗೆ ಒಂದು ನಿದ್ದೆ ಬರ್ಲಿ. ನಿಮಗೆ ರಿಲೀಸ್ ಕೊಡಿಸಲಿಕ್ಕೆ ಅವರು ಎಷ್ಟು ಓಡಾಡಿದ್ದಾರೆ ಗೊತ್ತುಂಟಲ್ಲ, ಜೊತೆಗೆ ಹೋದವ ನಾನೇ."

"ಸುಳ್ಳಾದ್ರೆ?"

"ಸುಳ್ಳು ಅಂತ ನಿಮಗೆ ಗೊತ್ತುಂಟಾ? ಇಲ್ಲ. ಮತ್ತೆ ಸುಳ್ಳು ಹೇಗಾಗ್ತದೆ?"

ಸಲಾಲಾಕ್ಕೆ ಫೋನ್ ಮಾಡಿದೆ. ಅಲ್ಲಿ ಖರೀಫ್ ಎನ್ನುವ ಮಳೆಗಾಲದ ಜಿಟಿಜಿಟಿಯಂತೆ, ಲೈನು ಗೊರಗುಟ್ಟುತ್ತಿತ್ತು. ನಮ್ಮವರು ಎಲ್ಲ ಕೇಳಿ, ಸಹಿ ಹಾಕದಿದ್ದರೆ ಅವರು ನಿನ್ನನ್ನು ಕಳಿಸಿಬಿಡುತ್ತಾರೆಯೇ ಎಂದು ಕೊಂಕಣಿಯಲ್ಲಿ ಕೇಳಿದರು. ಕಳಿಸುವ ಮನುಷ್ಯರಲ್ಲ ಎಂದೆ. ಹಾಗಾದರೆ ಇನ್ನೂ ಕಷ್ಟ ಎಂದರು ಅವರು. ನಿಜ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ.

ಗುರುವಾರ ಸಂಜೆ ಮನೆಯಲ್ಲಿ ಒಂದು ಉಪಾಯ ಮಾಡಿದೆ. ಹಳೆಯ ದಿನಪತ್ರಿಕೆಗಳಿಂದ ಎರಡು ಕಟ್ಟು ಮಾಡಿ, ನಡುವೆ ಒಂದು ಬಿಳಿ ಹಾಳೆ ಇಟ್ಟು, ಮಗಳ ಶಾಲೆಯ ನೀಲಿ ರಿಬ್ಬನ್‌ನಿಂದ ಕಟ್ಟಿದೆ. ತಲೆ ಮರೆತರೂ ಕೈ ಮರೆತಿರಲಾರದು ಎಂಬ ಆಸೆ. ಕಣ್ಣು ಮುಚ್ಚಿ ಬಿಚ್ಚಿದೆ, ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. ಮಗಳು ಹೋಂವರ್ಕಿನಿಂದ ತಲೆಯೆತ್ತಿ, "ಮಮ್ಮಾ, ವಾಟ್ ಆರ್ ಯು ಡೂಯಿಂಗ್?" ಎಂದಳು.

"ನೆನಪು ಮಾಡ್ತಾ ಇದ್ದೇನೆ."

"ವಿತ್ ಮೈ ರಿಬ್ಬನ್?"

ಶುಕ್ರವಾರ ಇಲ್ಲಿ ರಜೆಯಾದ್ದರಿಂದ ಚರ್ಚಿನಲ್ಲಿ ನಮ್ಮ ಪೂಜೆಯೂ ಶುಕ್ರವಾರವೇ. ರುವಿಯ ಇಗರ್ಜಿಯಲ್ಲಿ ಮೊಣಕಾಲೂರಿ ಕೂತಿದ್ದಾಗ ತಟ್ಟನೆ ನೆನಪಾಯಿತು. ಸ್ಪಷ್ಟವಾಗಿ, ಕಣ್ಣ ಮುಂದೆ ನಡೆದ ಹಾಗೆ. ನಾನು ಕಾದಂಬರಿಯ ಕಟ್ಟು ಎತ್ತಿಕೊಂಡಿದ್ದೇನೆ, ಪಟ್ಟಿ ಬಿಚ್ಚುತ್ತಿದ್ದೇನೆ, ಒಳಗೆ ಮೇಲೆಯೇ ಆ ಹಾಳೆ. ಕಣ್ಣಲ್ಲಿ ನೀರು ಬಂತು. ದೇವರು ದೊಡ್ಡವನು, ಸಹಿ ಹಾಕಬಹುದು. ಪಕ್ಕದಲ್ಲಿ ಕೂತಿದ್ದ ಮಗಳ ತಲೆ ಸವರಿದೆ. ಕೈಗೆ ಅವಳ ಜಡೆಯ ರಿಬ್ಬನ್ ತಾಗಿತು. ನನ್ನ ನೆನಪಿನಲ್ಲಿ ನಾನು ಬಿಚ್ಚುತ್ತಿದ್ದ ಪಟ್ಟಿ ನೀಲಿ. ಕ್ಯಾಪ್ಟನ್ನರ ಹನ್ನೊಂದು ಪಟ್ಟಿಗಳಲ್ಲಿ ಒಂದೂ ನೀಲಿಯಿರಲಿಲ್ಲ.

ಅಷ್ಟು ಬೇಗ ಹುಟ್ಟಿಕೊಂಡಿತ್ತು ಅದು. ನಾನು ಬಯಸಿದ್ದೆ, ಎಂಜಿನಿಯರರು ಬಯಸಿದ್ದರು, ಮನಸ್ಸು ತಯಾರಿಸಿ ಕೊಟ್ಟಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಪಟ್ಟಿಯೂ ಬಿಳಿಯಾಗುತ್ತಿತ್ತು, ನಾನು ಬೈಬಲ್ ಮುಟ್ಟಿ ಆಣೆ ಮಾಡುತ್ತಿದ್ದೆ. ನನಗೆ ಭಯವಾದದ್ದು ಸುಳ್ಳಿಗಲ್ಲ, ಅದನ್ನು ನಾನೇ ನಂಬುತ್ತಿದ್ದೆನಲ್ಲ ಎಂಬುದಕ್ಕೆ.

ಶನಿವಾರ ಏಳಕ್ಕೇ ಆಫೀಸು ತೆರೆದೆ. ಹೊಸ ಹಾಳೆ ಸೇರಿಸಿ ಟೈಪ್ ಮಾಡಿದೆ: "ಈ ಕಾಗದಗಳ ಕಟ್ಟುಗಳನ್ನು ಬಿಚ್ಚಿದವಳು ನಾನು. ಬಿಚ್ಚಲು ನನಗೆ ಯಾರೂ ಹೇಳಿರಲಿಲ್ಲ. ಈ ಹಾಳೆ ಎರಡು ಕಟ್ಟುಗಳ ನಡುವೆ ಇತ್ತು. ಯಾವುದಕ್ಕೆ ಸೇರಿತ್ತು ಎಂದು ನಾನು ನೋಡಲಿಲ್ಲ. ನನಗೆ ಗೊತ್ತಿಲ್ಲ." ಸಹಿ ಹಾಕಿದೆ. ಎಂಜಿನಿಯರರು ಬಂದೊಡನೆ ಎರಡು ಹಾಳೆಗಳನ್ನೂ ಅವರ ಮುಂದಿಟ್ಟು, ನೀಲಿ ರಿಬ್ಬನ್ನಿನ ಕಥೆ ಹೇಳಿದೆ.

ಅವರು ನನ್ನದನ್ನು ಓದಿದರು. ತಮ್ಮದನ್ನು ಓದಿದರು. ನನ್ನದನ್ನು ಮತ್ತೆ ಕೈಗೆತ್ತಿಕೊಂಡರು.

"ನೀವು ಇನ್ನೊಂದಕ್ಕೆ ಸಹಿ ಹಾಕಿದ್ದರೆ, ಅದನ್ನು ಬರೆದವನು ನಾನು ಎಂಬುದು ನನಗೂ ಮರೆತುಹೋಗುತ್ತಿತ್ತು" ಎಂದರು.

ಹತ್ತು ಗಂಟೆಗೆ ತಜ್ಞೆ ಬಂದರು. ನನ್ನ ವಯಸ್ಸಿನ ಹೆಂಗಸು, ಕೈಗೆ ಬಿಳಿಯ ಹತ್ತಿ ಗವಸು. ಟ್ಯಾಗಿನ ತೂತುಗಳನ್ನು ಕಂಡು ಕಣ್ಣು ಮುಚ್ಚಿ ಒಂದು ಉಸಿರೆಳೆದುಕೊಂಡರು, ಅಷ್ಟೇ. ನಮ್ಮ ಟ್ರೇಸಿಂಗ್‌ಗಳನ್ನು ಮಾತ್ರ ಒಂದೊಂದಾಗಿ ನೋಡಿ ಅವನ್ನೂ ಕೊಂಡೊಯ್ಯುತ್ತೇನೆ ಎಂದರು. ಆ ಹಾಳೆ ಬಂದಾಗ, ಇದು ಎಲ್ಲಿತ್ತು ಎಂದು ಎಂಜಿನಿಯರರನ್ನು ಕೇಳಿದರು. ಎಂಜಿನಿಯರರು ನನ್ನ ಕಡೆ ಕೈ ತೋರಿಸಿದರು. ನಾನು ಬರೆದದ್ದನ್ನೇ ಬಾಯಲ್ಲೂ ಹೇಳಿದೆ. ಬರೆದದ್ದಕ್ಕಿಂತ ಹೇಳುವುದು ಕಷ್ಟವಾಯಿತು. ತಜ್ಞೆ ಹೊಸದೊಂದು ಬಿಳಿ ಫೋಲ್ಡರ್ ತೆಗೆದು, ಹಾಳೆಯನ್ನು ಅದೊಂದರಲ್ಲೇ ಇಟ್ಟು, ಪಕ್ಕದಲ್ಲಿ ನನ್ನ ಹೇಳಿಕೆಯನ್ನೂ ಇಟ್ಟರು. ಪತ್ರಗಳ ಜೊತೆಗೂ ಸೇರಿಸಲಿಲ್ಲ, ಕಾದಂಬರಿಯ ಜೊತೆಗೂ ಸೇರಿಸಲಿಲ್ಲ.

ಟ್ರಂಕುಗಳು ಹೋದ ಮೇಲೆ ಮೂರು ದಿನ ಎಂಜಿನಿಯರರು ಆಫೀಸಿಗೆ ಬರಲಿಲ್ಲ. ಗುಮಾಸ್ತರು ನನ್ನನ್ನು ನೋಡುವುದು, ಮುಖ ತಿರುಗಿಸುವುದು. "ಜ್ವರ ಇರ್ಬೇಕು" ಎಂದು ಒಮ್ಮೆ ಅಂದರು, ಅವರಿಗೇ ನಂಬಿಕೆಯಿಲ್ಲದ ಹಾಗೆ. ಮೇಜು ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಜೀವನವಿಡೀ ಅವರು ಹಿಡಿದುಕೊಂಡು ಬಂದ ಒಂದು ಆಸೆಯನ್ನು ನಾನು ನಾಲ್ಕು ದಿನದ ಚುರುಕಿನಲ್ಲಿ ಕಿತ್ತುಹಾಕಿದೆ ಎಂಬುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ನಾಲ್ಕನೆಯ ದಿನ ಬಂದರು. ಗಡ್ಡ ಬೋಳಿಸಿರಲಿಲ್ಲ. ಜೀವನಚರಿತ್ರೆಯ ಯುದ್ಧದ ಅಧ್ಯಾಯದ ಟೈಪ್ ಪ್ರತಿ ಕೈಯಲ್ಲಿತ್ತು. ಹಗ್ಗದ ಕಥೆ ನನಗೆ ಹೇಳಿದ ಮೇಲೆ ಅವರು ಬರೆದು, ನಾನೇ ಟೈಪ್ ಮಾಡಿಕೊಟ್ಟಿದ್ದ ಹನ್ನೆರಡು ಪುಟಗಳು. ಅಜ್ಜ ನಿರಪರಾಧಿ ಎಂದು ವಾದಿಸುವ ಏಳು ಪುಟಗಳಿಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಿದ್ದರು. ಅವುಗಳ ಜಾಗಕ್ಕೆ ಪೆನ್ಸಿಲಿನಲ್ಲಿ ಬರೆದ ಒಂದು ತುಂಡು ಕಾಗದ. "ಇದನ್ನು ಸೇರಿಸಿ" ಎಂದು ನನ್ನ ಕುರ್ಚಿಯ ಪಕ್ಕ ನಿಂತರು.

ಯಂತ್ರಕ್ಕೆ ಹಾಳೆ ಹಾಕಿ ಟೈಪ್ ಮಾಡಿದೆ. ಎರಡೇ ವಾಕ್ಯಗಳು. ಮುಗಿಸಿ ಹಾಳೆ ಎಳೆಯಲು ಹೋದಾಗ ಅವರು ಬೇಡ ಎಂಬಂತೆ ಕೈ ಅಡ್ಡ ಹಿಡಿದು, "ಓದಿ" ಎಂದರು.

"ನನ್ನ ಅಜ್ಜ ಅದನ್ನು ಮಾಡಿರಬಹುದು. ನನಗೆ ಗೊತ್ತಿಲ್ಲ."

"ಇನ್ನೊಮ್ಮೆ."

ಇನ್ನೊಮ್ಮೆ ಓದಿದೆ. ಅವರು ಮೇಜಿನ ಅಂಚು ಹಿಡಿದುಕೊಂಡಿದ್ದರು. ಮೂರನೆಯ ಸಲ ನಾನು ಓದತೊಡಗಿದಾಗ, ಅವರೂ ಮೆಲ್ಲಗೆ ನನ್ನ ಜೊತೆಗೇ ಹೇಳಿದರು.